ಕ್ರೇನಿನವನ ಹೆಸರಿನ ರಕ್ತ

"ನನ್ನ ಮಗನ ರಕ್ತ ಕಳ್ಳತನ ಆಗಿದೆ" ಎನ್ನುತ್ತಲೇ ಆ ತಾಯಿ ನಮ್ಮ ಮನೆಯ ಹೊಸ್ತಿಲು ದಾಟಿದರು.

ಅಜ್ಜಿಯ ಕತೆಗಳನ್ನು ಉಂಡು ಬೆಳೆದ ನನ್ನ ಕಣ್ಣಮುಂದೆ ರಕ್ತ ಹೀರುವ ಭೂತವೊಂದು ಹಾದುಹೋಯಿತು. ದೊಡ್ಡಮ್ಮ ಮಾತ್ರ ಕುರ್ಚಿ ಎಳೆದು ಕೊಟ್ಟರು. ಆಸ್ಪತ್ರೆಯ ಪ್ರಯೋಗಾಲಯವೊಂದನ್ನು ನಡೆಸಿ ನಿವೃತ್ತರಾದವರು ಅವರು. ಬಿಡಿಸಲಾಗದ ಗೋಜಲುಗಳನ್ನು ಜನ ಇವತ್ತಿಗೂ ಅವರ ಬಳಿಗೇ ತರುತ್ತಾರೆ.

ಆ ತಾಯಿಯ ಕಿರಿಯ ಮಗ ಹಿಂದಿನ ವರ್ಷ ಯಕೃತ್ತು ಕೆಟ್ಟು ತೀರಿಕೊಂಡಿದ್ದ. ಮೈಯಲ್ಲಿ ತಾಮ್ರ ಶೇಖರವಾಗುವ, ವಂಶದಲ್ಲಿ ಇಳಿದು ಬರುವ ಕಾಯಿಲೆ ಅದೆಂದು ಕೈಮೀರಿದ ಮೇಲಷ್ಟೇ ತಿಳಿಯಿತು. ಅಣ್ಣನಿಗೂ ಪರೀಕ್ಷೆ ಆಗಲೇಬೇಕೆಂದಿದ್ದರು ವೈದ್ಯರು. ಅಣ್ಣ ಬಂದರಿನಲ್ಲಿ ಕ್ರೇನ್ ನಡೆಸುವವನು.

"ವರದೀಲಿ ಆ ಕಾಯಿಲೆ ಇಲ್ಲವಂತೆ. ಆದ್ರೆ ಲೋಟ ಹಿಡಿದ್ರೆ ಅವನ ಕೈ ನಡುಗುತ್ತೆ, ಚಿಕ್ಕವನ ಕೈ ನಡುಗ್ತಿದ್ದ ಹಾಗೇ. ಹೆತ್ತವಳಿಗೆ ಗೊತ್ತಾಗಲ್ವಾ? ಆ ಲ್ಯಾಬಿನವನು ಶೀಷೆ ಅದಲುಬದಲು ಮಾಡಿದಾನೆ. ಒಬ್ಬನ್ನ ಕಳಕೊಂಡೆ, ಇನ್ನೊಬ್ಬನ್ನೂ..." ಅವರು ಚೀಲದಿಂದ ವರದಿಯನ್ನು ತೆಗೆದು ದೊಡ್ಡಮ್ಮನ ಕೈಗಿಟ್ಟರು.

"ರಕ್ತ ತೆಗೆದೋರು ಯಾರು?" ದೊಡ್ಡಮ್ಮ ಕೇಳಿದರು.

"ನನ್ನ ಸೊಸೆ, ಮನೇಲೇ. ಪ್ರಾಣಿಗಳ ಆಸ್ಪತ್ರೇಲಿ ನರ್ಸು ಅವಳು. ಮುಗಿಲೆತ್ತರ ಹತ್ತಿ ಕೂರೋ ನನ್ನ ಮಗ ಸೂಜಿ ಕಂಡ್ರೆ ಗಟ್ಟಿಯಾಗಿ ಕಣ್ಣು ಮುಚ್ಚಿಬಿಡ್ತಾನೆ. ಇವರಿಗಿಂತ ನಾಯಿಮರಿಗಳೇ ವಾಸಿ ಅಂತಾಳೆ ಅವಳು."

ದೊಡ್ಡಮ್ಮ ವರದಿಯನ್ನು ಓದಿದರು. ಹುಬ್ಬು ಗಂಟಾಯಿತು. "ಅದಲುಬದಲಾಗಿದೆ. ಎಲ್ಲಿ ಅನ್ನೋದಷ್ಟೇ ಪ್ರಶ್ನೆ" ಎಂದರು.

ಲ್ಯಾಬಿನವನು ನಮ್ಮನ್ನು ಕಂಡೊಡನೆ ಕೆರಳಿದ. "ತಾಮ್ರದ ಪರೀಕ್ಷೆಗೆ ಲೋಹದ ಸೋಂಕಿಲ್ಲದ ಬೇರೇ ಶೀಷೆ ಬೇಕು, ಮೇಡಂ. ಅವತ್ತು ಅಂಥದ್ದು ಬಂದಿದ್ದೇ ಒಂದು. ಒಂದನ್ನ ಯಾವುದರ ಜೊತೆ ಬದಲಾಯಿಸ್ಲಿ, ನನ್ನ ತಲೆ ಜೊತೆನಾ?"

ಅಲ್ಲಿಂದ ಕ್ರೇನಿನವನ ಮನೆಗೆ ಹೋದೆವು. ಸೊಸೆ ಕಾಫಿ ತಂದಿಟ್ಟವಳೇ ಹೋಗಿ ಕಿಟಕಿ ತೆರೆದು, ಮುಖ ಹೊರಗೆ ಮಾಡಿ ನಿಂತಳು. ಒಳಬಂದ ಬಿಸಿಲು ಎದುರು ಕೂತಿದ್ದ ಕ್ರೇನಿನವನ ಮುಖದ ಮೇಲೆ ಬಿತ್ತು. ನಡುಗುವ ಕೈಯನ್ನು ಜೇಬಿಗೆ ತೂರಿಸಿ, "ಇದಾ? ಕ್ರೇನ್ ಅದುರಿ ಅದುರಿ ನನಗೂ ಅಂಟಿಕೊಂಡಿದೆ" ಎಂದು ನಕ್ಕ.

ದಾರಿಯಲ್ಲಿ ನಾನೆಂದೆ: "ಆ ಕ್ರೇನಿನವರ ಕಣ್ಣು ನೋಡಿದ್ರಾ ದೊಡ್ಡಮ್ಮ? ಅಜ್ಜಿ ಕತೇಲಿ ಕೆರೆ ಕಾಯೋ ಸರ್ಪಕ್ಕಿತ್ತಲ್ಲ, ಹಾಗೇ ಕಪ್ಪಿನ ಸುತ್ತ ಹಸಿರುಗಂದು ಬಳೆ. ಎಷ್ಟು ಚೆನ್ನಾಗಿದೆ!"

ದೊಡ್ಡಮ್ಮ ನಡೆಯುವುದನ್ನು ನಿಲ್ಲಿಸಿದರು. "ಚೆನ್ನಾಗಿಲ್ಲ ಕಣೇ" ಎಂದಷ್ಟೇ ಹೇಳಿದರು.

ಮರುದಿನ ಎಲ್ಲರೂ ಕ್ರೇನಿನವನ ಮನೆಯ ಅದೇ ಕೋಣೆಯಲ್ಲಿ ಸೇರಿದೆವು. ಲ್ಯಾಬಿನವನೂ ತನ್ನ ಪೆಟ್ಟಿಗೆಯೊಂದಿಗೆ ಬಂದಿದ್ದ.

"ಯಕೃತ್ತು ಒಂದು ಪ್ರೋಟೀನು ಮಾಡುತ್ತೆ" ಎಂದು ದೊಡ್ಡಮ್ಮ ಶುರುಮಾಡಿದರು. "ರಕ್ತದಲ್ಲಿರೋ ತಾಮ್ರದ ಬಹುಪಾಲನ್ನ ಹೊರೋದು ಅದೇ. ಈ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಅದು ಕಡಿಮೆ ಇರುತ್ತೆ. ತಾಮ್ರ ಯಕೃತ್ತಲ್ಲೇ ತುಂಬಿಕೊಂಡು, ಆಮೇಲೆ ಮಿದುಳಿಗೆ, ಕಣ್ಣಿಗೆ ಹೋಗಿ ಕೂರುತ್ತೆ. ನಿನ್ನ ಕಣ್ಣಲ್ಲಿರೋ ಬಳೆ ತಾಮ್ರದ್ದೇ ಕಣಪ್ಪಾ. ಆದರೆ ನಿನ್ನ ಹೆಸರಿನ ರಕ್ತದಲ್ಲಿ ತಾಮ್ರವೂ ಆ ಪ್ರೋಟೀನೂ ಮಿತಿಗಿಂತ ಮೇಲಿವೆ. ಅದು ನಿನ್ನದಾಗಿರೋಕೆ ಸಾಧ್ಯ ಇಲ್ಲ. ಲ್ಯಾಬಿನಲ್ಲಿ ಬದಲಾಗೋಕೆ ಇನ್ನೊಂದು ಶೀಷೆಯೇ ಇರಲಿಲ್ಲ. ಹಾಗಾದರೆ ಈ ಮನೇಲೇ ಬದಲಾಗಿದೆ."

"ಯಾರದ್ದು ಮತ್ತೆ ಅದು?" ತಾಯಿ ಕೇಳಿದರು.

"ಉರಿಯೂತ ಇದ್ದರೆ ಆ ಪ್ರೋಟೀನು ಏರಬಹುದು, ಇದೇ ವರದಿ ಉರಿಯೂತ ಇಲ್ಲ ಅನ್ನುತ್ತೆ. ಹಾರ್ಮೋನ್ ಮಾತ್ರೆ ನುಂಗೋರಲ್ಲಿ ಏರುತ್ತೆ. ಇಲ್ಲವೇ, ಬಸುರಿಯಲ್ಲಿ."

"ನಾನೇನು ಬಸುರಿನಾ?" ಅವನು ನಗಲು ನೋಡಿದ.

"ಕಾಫಿ ವಾಸನೆ ತಡೀದೆ ಕಿಟಕಿ ತೆಗೆದವಳು ನೀನಲ್ವೇನಮ್ಮಾ? ಹಾರ್ಮೋನ್ ಮಾತ್ರೆ ಏನಾದ್ರೂ ನುಂಗ್ತಿದೀಯಾ?" ದೊಡ್ಡಮ್ಮ ಸೊಸೆಯತ್ತ ತಿರುಗಿ ಕೇಳಿದರು.

ಸೊಸೆ ಇಲ್ಲವೆಂದು ತಲೆಯಾಡಿಸಿದಳು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ನನಗೇ ಗೊತ್ತಿರಲಿಲ್ಲ" ಎಂದಳು. ಆಮೇಲೆ ಉಳಿದದ್ದೂ ಹೊರಬಂತು. "ಇವರು ಕಣ್ಣು ಮುಚ್ಚಿದ್ರು. ಇವರ ರಕ್ತ ಚೆಲ್ಲಿ, ಅಡುಗೆಮನೇಲಿ ನನ್ನದು ತುಂಬಿಸಿದೆ. 'ತಮ್ಮನ ಕಾಯಿಲೆ ನನಗೂ ಇದೆ ಅಂತ ಗೊತ್ತಾದ್ರೆ, ಅವತ್ತು ಕ್ರೇನಿಂದ ಇಳಿಯೋಕೆ ನನಗೆ ಏಣಿ ಬೇಕಾಗಲ್ಲ' ಅಂದಿದ್ರು ಇವರು. ಕಾಗದದಲ್ಲಿ ಇಲ್ಲ ಅಂತ ಬಂದ್ರೆ ಬದುಕಿರ್ತಾರಲ್ಲ ಅಂತ..."

"ಬದುಕಿಸೋಕೆ ಔಷಧಿ ಇದೆ" ಎಂದರು ದೊಡ್ಡಮ್ಮ. "ತಾಮ್ರವನ್ನ ಮೈಯಿಂದ ಹೊರಹಾಕುತ್ತೆ, ಜೀವಮಾನವಿಡೀ ನುಂಗಬೇಕು. ನಿನ್ನ ತಮ್ಮನಿಗೆ ಅದನ್ನ ಕೊಡೋ ಹೊತ್ತಿಗೆ ಯಕೃತ್ತೇ ಉಳಿದಿರಲಿಲ್ಲ. ನಿನಗಿನ್ನೂ ಸಮಯ ಇದೆ. ಕೈ ನೆಟ್ಟಗಾಗೋವರೆಗೂ ಕ್ರೇನ್ ಹತ್ತಬೇಡ."

ಅವನು ಹೆಂಡತಿಯನ್ನೇ ನೋಡುತ್ತ ಕೂತಿದ್ದ. ಆಮೇಲೆ ಅಂಗಿಯ ತೋಳನ್ನು ಮೇಲೆ ಸರಿಸಿ, ನಡುಗುವ ಕೈಯನ್ನು ಲ್ಯಾಬಿನವನ ಮುಂದೆ ಚಾಚಿದ. ಹೆಂಡತಿ ಮೊಣಕೈಯನ್ನು ಅಲುಗದಂತೆ ಹಿಡಿದಳು. ಸೂಜಿ ಒಳಗಿಳಿಯಿತು. ಶೀಷೆ ತುಂಬುವವರೆಗೂ ಅವನು ಅದನ್ನೇ ನೋಡುತ್ತಿದ್ದ, ಕಣ್ಣು ಮುಚ್ಚಲಿಲ್ಲ.

ತಾಯಿ ಎದ್ದು, ಸೊಸೆಯ ಹತ್ತಿರವಿದ್ದ ಕಾಫಿ ಲೋಟವನ್ನು ಒಳಗೆ ಇಟ್ಟು ಬಂದರು. ಆಮೇಲೆ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದರು.