ಮೂರು ಹನಿ ಚಿಮುಕಿಸಿದ ದುಗ್ಗವ್ವ

ಏಳು ಬೆಟ್ಟಗಳಾಚೆ, ಅಜ್ಜಂದಿರ ಅಜ್ಜಂದಿರಿಗೂ ಹಿಂದೆ, ಸೋಮಗುಡ್ಡವೆಂಬ ರಾಜ್ಯವಿತ್ತು. ಅಲ್ಲಿ ದ್ರಾಕ್ಷಿ ಬೆಳೆಯುವ ದುಗ್ಗವ್ವ ಇದ್ದಳು. ಹಗ್ಗ ಕಂಡರೂ ಕೋಲಿನಿಂದ ತಿವಿದು ನೋಡುವಷ್ಟು ಅನುಮಾನದ ಹೆಂಗಸು. ಆ ವರ್ಷ ಆಲಿಕಲ್ಲು ಬಿದ್ದು ತೋಟ ಹಾಳಾಯಿತು. ಸುಗ್ಗಿ ಹಬ್ಬಕ್ಕೆ ಒಂದು ಕೊಡ ದ್ರಾಕ್ಷಿ ಮದ್ಯ ತರಲೆಂದು ತಮ್ಮ ಮೈಲಾರಿಯನ್ನು ಪಟ್ಟಣಕ್ಕೆ ಕಳಿಸಿದಳು. ಹೋದವನು ಬರಲೇ ಇಲ್ಲ. ಕಳಿಸಿದವಳು ನಾನೇ ಅಲ್ಲವೇ ಎಂಬ ಸಂಕಟ ತಾಳಲಾರದೆ ದುಗ್ಗವ್ವ ತಾನೇ ಹೊರಟಳು.

ಪುಟ್ಟ ಪಟ್ಟಣ, ಮದ್ಯದಂಗಡಿ ಮೂರೇ. ಮೊದಲನೆಯದು ನಾಗಕ್ಕ ಎಂಬ ಮುದುಕಿಯ ಗುಡಿಸಲು. ಬಟ್ಟಲ ಸುತ್ತ ನುಸಿಯೋ ನುಸಿ, ಮುದುಕಿಯ ಮುಖವೋ ಗಂಟು. ಇವಳೇ ತಮ್ಮನನ್ನು ನುಂಗಿದವಳೆಂದು ದುಗ್ಗವ್ವ ಮೂಲೆಮೂಲೆ ತಡಕಿದಳು. ಸಿಕ್ಕಿದ್ದು ಬರೀ ಮಡಕೆ. ಎರಡನೆಯ ಅಂಗಡಿಯವನು ಮದ್ಯಕ್ಕೆ ನೀರು ಬೆರೆಸುತ್ತಿದ್ದ. ಅಲ್ಲೂ ನಾಲ್ಕು ನುಸಿ ಇದ್ದವು. ಕಳ್ಳನೇನೋ ಹೌದು, ಆದರೆ ಮನುಷ್ಯರನ್ನು ಕದಿಯುವಷ್ಟು ಧೈರ್ಯ ಅವನಿಗಿರಲಿಲ್ಲ.

ಮೂರನೆಯದು ಅಮೃತಶಿಲೆಯ ಅಂಗಡಿ. ಒಳಗೆ ಕಾರಂಜಿಯಲ್ಲಿ ಮದ್ಯವೇ ಚಿಮ್ಮುತ್ತಿತ್ತು. ಮೇಲೆ ಸಾಲುಸಾಲು ಗಿಳಿಪಂಜರ. ಮದ್ಯದ ಇಷ್ಟು ಘಮ ಇದ್ದರೂ ಒಂದು ನುಸಿಯೂ ಇಲ್ಲ! ನುಸಿಯೂ ಮುಟ್ಟದ ಮದ್ಯದಲ್ಲಿ ಏನೋ ಮೋಸವಿದೆ ಎಂದುಕೊಂಡಳು ದುಗ್ಗವ್ವ. ಅಷ್ಟರಲ್ಲಿ ಒಂದು ಗಿಳಿ ರೆಕ್ಕೆ ಬಡಿಯಿತು. ಅದರ ಕಾಲಲ್ಲಿ ಮೈಲಾರಿಯ ತಾಮ್ರದುಂಗುರ.

ರೇಷ್ಮೆ ಪೇಟದ ಒಡೆಯ ಬಟ್ಟಲು ಚಾಚಿದ.

"ಕುಡೀರಿ ಅಕ್ಕಾ. ಮೊದಲ ಬಟ್ಟಲು ಬಿಟ್ಟಿ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡ ದುಗ್ಗವ್ವ ಅಳು ನುಂಗಿ ಬಟ್ಟಲು ಹಿಡಿದಳು.

"ನಮ್ಮ ಕಡೆ ಒಂದು ಪದ್ಧತಿ ಐತಿ. ಮೂರು ಹನಿ ಚಿಮುಕಿಸದೆ ಗುಟುಕು ಇಳಿಸಂಗಿಲ್ಲ."

ಬೆರಳು ಅದ್ದಿ ಮೊದಲ ಹನಿಯನ್ನು ಭೂಮಿತಾಯಿಗೆ ಚಿಮುಕಿಸಿದಳು. ನೆಲದ ಅಮೃತಶಿಲೆ ಕೆಸರಾಯಿತು. ಎರಡನೆಯದನ್ನು ಹಿರಿಯರಿಗೆಂದು ಗಾಳಿಗೆ ಚಿಮುಕಿಸಿದಳು. ಕಾರಂಜಿ ಬತ್ತಿತು. ಬಟ್ಟಲಿನಿಂದ ಕಣ್ಣು ಕದಲಿಸದ ಒಡೆಯನಿಗೆ ಅದ್ಯಾವುದೂ ಕಾಣಲಿಲ್ಲ. ಹಳ್ಳಿಯವಳ ಆಚಾರ ನೋಡಿ ಬಾಯಿ ತುಂಬ ನಕ್ಕ.

"ಮೂರನೇದು ಯಾರಿಗಕ್ಕಾ?"

"ಹೊಯ್ದು ಕೊಟ್ಟವರಿಗೆ," ಎಂದು ಅವನ ತೆರೆದ ಬಾಯಿಗೇ ಚಿಮುಕಿಸಿದಳು.

ಒಡೆಯನ ವೇಷದಲ್ಲಿದ್ದ ಆ ಮಾಂತ್ರಿಕ ತಾನೇ ಹಸಿರು ಗಿಳಿಯಾಗಿ ಕೆಸರಲ್ಲಿ ಬಿದ್ದ. ಪಂಜರಗಳು ಒಡೆದವು. ಮೈಲಾರಿ ಅಕ್ಕನ ಕೊರಳಿಗೆ ಬಿದ್ದು ಅತ್ತ. ಗಿಳಿಗಳಾಗಿದ್ದವರೆಲ್ಲ ಮನುಷ್ಯರಾಗಿ ನಾಗಕ್ಕನ ಗುಡಿಸಲಿಗೆ ನಡೆದರು. ದುಗ್ಗವ್ವ ಮುದುಕಿಯ ಕೈ ಹಿಡಿದು ತಪ್ಪಾಯಿತು ಎಂದಳು. ಬಟ್ಟಲಲ್ಲಿ ತೇಲುತ್ತಿದ್ದ ನುಸಿಯನ್ನು ಬೆರಳಿಂದ ತೆಗೆದು ಗಟಗಟ ಕುಡಿದಳು. ಆ ವರ್ಷದ ಹಬ್ಬಕ್ಕೆ ನಾಗಕ್ಕನ ಕೊಡವೇ ಬಂತು, ರಾಜ್ಯವೆಲ್ಲ ನಗುನಗುತ್ತ ಬಾಳಿತು. ಆದರೆ ಯಾರಾದರೂ ಬಿಟ್ಟಿ ಬಟ್ಟಲು ಚಾಚಿದರೆ, ದುಗ್ಗವ್ವ ಮೊದಲು ನುಸಿ ಇದೆಯೇ ಎಂದು ಇಣುಕಿ ನೋಡುತ್ತಿದ್ದಳಂತೆ.