ಒಬ್ಬಳೇ ಅಂದರೆ ಒಂಟಿಯೇ?

“ಈ ಹೆಂಗಸರು ಒಬ್ಬೊಬ್ಬರೇ ವಾಸವಾಗಿದ್ರು ಅನ್ನೋದಕ್ಕೆ ಆಧಾರ ಕೊಟ್ಟಿದ್ದೀರಿ, ಸರಿ. ಆದ್ರೆ ಒಂಟಿಯಾಗಿದ್ರು ಅಂತ ಬರೆದಿದ್ದೀರಲ್ಲ... ಅದಕ್ಕೇನು ಆಧಾರ?”

ಪ್ರಶ್ನೆ ಬಂದದ್ದು ಕೊನೆಯ ಸಾಲಿನಿಂದ. ಗುಬ್ಬಿ ತಲೆಯೆತ್ತಿ ನೋಡಿದಳು.

ಇತಿಹಾಸ ವಿಭಾಗದಲ್ಲಿ ಅವಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಗ್ರಂಥಾಲಯದ ಮೂಲೆಯಲ್ಲಿ ಸದ್ದಿಲ್ಲದೆ ಕೂತು ಹಳೆಯ ಕಾಗದ ಕೆದಕುತ್ತಿದ್ದಳಲ್ಲ, ಅದಕ್ಕೆ. ನೂರು ವರ್ಷಗಳ ಹಿಂದೆ ಊರಿನ ಬಾಡಿಗೆ ಕೋಣೆಗಳಲ್ಲಿ ಒಬ್ಬೊಬ್ಬರೇ ಬದುಕಿದ್ದ ದಾದಿಯರು, ಟೀಚರುಗಳು, ಬಟ್ಟೆ ಹೊಲಿಯುವ ಹೆಂಗಸರು... ಅವರ ಮೇಲೆ ಅವಳ ಪಿಎಚ್‌ಡಿ. ಪ್ರಬಂಧ ಸಲ್ಲಿಸುವ ಮೊದಲು ವಿಭಾಗದವರ ಮುಂದೆ ಅದನ್ನು ಮಂಡಿಸಬೇಕಿತ್ತು. ಮಂಡಿಸಿದಳು. ಎಲ್ಲರೂ ತಲೆದೂಗಿದರು. ಆಗ ಎದ್ದು ನಿಂತವನು ಇವನು, ಕೆಲಸಕ್ಕೆ ಸೇರಿ ವಾರವೂ ಆಗದ ಹೊಸ ಮೇಷ್ಟ್ರು!

ಅವಳು ಹಾಳೆಗಳನ್ನು ಹಿಂದೆ ಮುಂದೆ ಮಗುಚಿದಳು, ಆಧಾರ ಎಲ್ಲೂ ಇರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು.

‘ಎಷ್ಟು ವರ್ಷದ ಕೆಲಸ... ಒಂದೇ ಪ್ರಶ್ನೆಗೆ ಮಣ್ಣುಪಾಲಾಯಿತಲ್ಲ! ನನ್ನ ಮೇಲೆ ಇವನಿಗೇನು ಹಗೆ?’

ಮರುದಿನ ಗ್ರಂಥಾಲಯದಲ್ಲಿ ಅವಳ ಎದುರಿಗೇ ಬಂದು ಕೂತ.

“ನಿನ್ನೆ... ಬೇಜಾರಾಯ್ತಾ?”

“ಛೇ, ಎಲ್ಲಾದ್ರೂ ಉಂಟೇ! ಇನ್ನೆರಡು ಪ್ರಶ್ನೆ ಕೇಳಿದ್ದಿದ್ರೆ ಅಲ್ಲೇ ಕುಣಿದುಬಿಡ್ತಿದ್ದೆ.”

ಅವನು ಜೋರಾಗಿ ನಕ್ಕ. ಗ್ರಂಥಪಾಲಕರು ಕನ್ನಡಕದ ಮೇಲಿಂದ ಗುರಾಯಿಸಿದರು. ಅವಳಿಗೂ ನಗು ತಡೆಯಲಾಗಲಿಲ್ಲ. ಹುಡುಗರೆಲ್ಲ ಅವನಿಗೆ ‘ಪ್ರಶ್ನೆ ಮೇಷ್ಟ್ರು’ ಎಂದು ಹೆಸರಿಟ್ಟಿದ್ದು ಆಮೇಲೆ ತಿಳಿಯಿತು. ತರಗತಿಯಲ್ಲಿ ‘ಗುಡ್ ಮಾರ್ನಿಂಗ್’ ಅಂದರೂ ಆಧಾರ ಕೇಳುವ ಆಸಾಮಿಯಂತೆ!

ಅಂದಿನಿಂದ ಸಂಜೆಯ ಟೀ ಇಬ್ಬರಿಗೂ ಒಟ್ಟಿಗೆ. ಅವಳು ಇಡೀ ಅಧ್ಯಾಯವನ್ನು ಕೆಡವಿ ಮತ್ತೆ ಕಟ್ಟತೊಡಗಿದಳು. ಅವನು ಒಂದು ಸಾಲನ್ನೂ ಬರೆದುಕೊಡಲಿಲ್ಲ, ಸುಮ್ಮನೆ ಕೇಳಿಸಿಕೊಂಡ. ಅವಳ ಮಾತನ್ನು ಅಷ್ಟು ಹೊತ್ತು ಕೇಳಿಸಿಕೊಂಡವರು ಯಾರಿದ್ದರು ಹೇಳಿ! ಅಮ್ಮ ಹೋಗಿ ಬಹಳ ಕಾಲವಾಗಿತ್ತು. ಅಣ್ಣ ಫೋನ್ ಮಾಡಿದರೆ “ಇನ್ನೂ ಮುಗೀಲಿಲ್ವಾ ನಿಂದು?” ಎಂಬುದೇ ಮೊದಲ ಮಾತು, ಬಹುಪಾಲು ಅದೇ ಕೊನೆಯದು. ಭಾನುವಾರ ಬಂತೆಂದರೆ ಕೋಣೆಯಲ್ಲಿ ಅವಳ ದನಿಯೇ ಹೊರಡುತ್ತಿರಲಿಲ್ಲ. ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಗಂಟಲು ಕಟ್ಟಿಕೊಂಡಿರುತ್ತಿತ್ತು.

‘ಸೋಮವಾರ ಬೇಗ ಬರಲಿ...’ ಎಂದು ಯಾವಾಗಿನಿಂದ ಕಾಯತೊಡಗಿದಳೋ ಅವಳಿಗೇ ಗೊತ್ತಾಗಲಿಲ್ಲ.

ಪ್ರಬಂಧ ಸಲ್ಲಿಸಿ, ವೈವಾಗೆ, ಅಂದರೆ ಕೊನೆಯ ಮೌಖಿಕ ಪರೀಕ್ಷೆಗೆ, ದಿನ ಗೊತ್ತಾದಾಗ ವಿಭಾಗದ ಗುಮಾಸ್ತರು ಅವಳನ್ನು ಪಕ್ಕಕ್ಕೆ ಕರೆದರು.

“ನಮ್ಮ ವಿಭಾಗದ ಕಡೆಯಿಂದ ಪರೀಕ್ಷಕರಾಗಿ ಪ್ರಶ್ನೆ ಮೇಷ್ಟ್ರನ್ನ ಕೇಳಿದ್ರಮ್ಮ. ‘ಅವರ ವೈವಾಗೆ ನಾನು ಕೂರಲ್ಲ’ ಅಂತ ಖಡಾಖಂಡಿತವಾಗಿ ಹೇಳಿಬಿಟ್ರಂತೆ.”

“ಯಾಕಂತೆ?”

“ಅದನ್ನ ಮುಖ್ಯಸ್ಥರ ಹತ್ರ ಬಾಗಿಲು ಹಾಕ್ಕೊಂಡು ಹೇಳಿದ್ರು. ನಮಗೆಲ್ಲಿ ಗೊತ್ತಾಗುತ್ತೆ?”

ಅಂದರೆ... ಪ್ರಬಂಧ ಅವನಿಗೆ ಅಷ್ಟು ಕಳಪೆ ಅನ್ನಿಸಿದೆಯೇ? ಎದುರಿಗೆ ಹೇಳಲಾರದೆ ಜಾರಿಕೊಂಡನೇ? ಇಷ್ಟು ದಿನ ಕೇಳಿಸಿಕೊಂಡದ್ದೆಲ್ಲ ಬರೀ ಕನಿಕರವೇ?

ಅಂದು ಟೀಗೆ ಹೋಗಲಿಲ್ಲ. ಮರುದಿನವೂ ಇಲ್ಲ. ಕೊನೆಗೆ ಅವನೇ ಮೆಟ್ಟಿಲ ಬಳಿ ಎದುರಾದ.

“ನನ್ನ ಮೇಲೆ ಕೋಪಾನಾ?”

“ಪುರುಸೊತ್ತಿಲ್ಲ ಸಾರ್, ವೈವಾಗೆ ಓದ್ಕೋಬೇಕು.”

ಆ ‘ಸಾರ್’ ಅವನಿಗೆ ಚುರುಕ್ಕೆಂದಿತು. ಏನೋ ಹೇಳಲು ಬಾಯಿ ತೆರೆದ.

“ವೈವಾ ಮುಗೀಲಿ, ಎಲ್ಲಾ ಹೇಳ್ತೀನಿ,” ಎಂದಷ್ಟೇ ಅಂದ.

ಮುಗಿದ ಮೇಲೆ ಹೇಳುವುದಕ್ಕೇನು ಉಳಿದಿರುತ್ತದೆ! ಅವಳು ತಿರುಗಿಯೂ ನೋಡದೆ ಇಳಿದು ಹೋದಳು. ಬಸ್ ನಿಲ್ದಾಣದಲ್ಲಿ ಮಾತ್ರ ಕಣ್ಣು ಮಾತು ಕೇಳಲಿಲ್ಲ.

ಕೋಣೆಯಲ್ಲಿ ಕುರ್ಚಿಯ ಮೇಲೆ ರಾಶಿಬಿದ್ದ ಒಗೆದ ಬಟ್ಟೆಗೆ “ಮಾನ್ಯ ಪರೀಕ್ಷಕರೇ...” ಎಂದು ಭಾಷಣ ಒಪ್ಪಿಸಿದಳು. ಬಟ್ಟೆಯ ರಾಶಿ ಯಾವ ಆಕ್ಷೇಪವನ್ನೂ ಎತ್ತಲಿಲ್ಲ. ಒಂದು ಹಿಡಿ ಅಕ್ಕಿಯ ಅನ್ನ ಮಾಡಿಕೊಂಡಳು. ಅದೂ ಮಿಕ್ಕಿತು.

ವೈವಾದ ಬೆಳಿಗ್ಗೆ ಅಣ್ಣನ ಫೋನ್.

“ಬರೋಕೆ ಆಗ್ತಿಲ್ಲ ಕಣೇ. ಅತ್ತಿಗೆಗೂ ಹುಷಾರಿಲ್ಲ. ಅದೇನು ಮದುವೆಯಾ, ಎಲ್ರೂ ಬರೋದಕ್ಕೆ?”

“ಪರವಾಗಿಲ್ಲ ಅಣ್ಣ,” ಎಂದಳು. ಪರವಾಗಿಲ್ಲ ಅನ್ನುವುದು ಅವಳಿಗೆ ಅಷ್ಟು ಚೆನ್ನಾಗಿ ರೂಢಿಯಾಗಿತ್ತು.

ಸಭಾಂಗಣದಲ್ಲಿ ಪರೀಕ್ಷಕರು, ಗೈಡ್ ಮೇಡಂ, ನಾಲ್ಕಾರು ವಿದ್ಯಾರ್ಥಿಗಳು. ಉಳಿದದ್ದು ಬರೀ ಖಾಲಿ ಕುರ್ಚಿ. ಮಾತು ಶುರುಮಾಡಿದ ಮೇಲೆ ನೋಡಿದಳು, ಕೊನೆಯ ಸಾಲಿನಲ್ಲಿ ಅವನು! ಒಂದು ಕ್ಷಣ ಓದುತ್ತಿದ್ದ ಸಾಲೇ ತಪ್ಪಿಹೋಯಿತು.

ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕಿ ಹಾಳೆ ಮಗುಚಿದರು.

“ಮೊದಲ ಕರಡಿನಲ್ಲಿ ಇವರನ್ನ ‘ಒಂಟಿ ಹೆಂಗಸರು’ ಅಂದಿದ್ರಂತೆ, ನಿಮ್ಮ ಗೈಡ್ ಹೇಳಿದ್ರು. ಇಲ್ಲಿ ಆ ಪದಾನೇ ಇಲ್ಲ. ಯಾಕೆ ತೆಗೆದ್ರಿ?”

ತಯಾರಿ ಮಾಡಿಕೊಂಡ ಉತ್ತರ ಒಂದಿತ್ತು. ಬಾಯಿಗೆ ಬಂದದ್ದು ಬೇರೆಯೇ.

“ಒಬ್ಬರೇ ಇದ್ದದ್ದು ನಿಜ ಮೇಡಂ. ಆದ್ರೆ ಎದುರು ಕೋಣೆಯವಳಿಗೆ ಜ್ವರ ಬಂದ್ರೆ ಗಂಜಿ ಕಾಯಿಸಿದ್ದಾರೆ, ಒಂದೇ ಒಲೆ ಇಟ್ಕೊಂಡು ಸರದಿ ಮೇಲೆ ಅಡುಗೆ ಮಾಡಿದ್ದಾರೆ, ಜಗಳಾನೂ ಆಡಿದ್ದಾರೆ. ಅವರು ಒಂಟಿಯಾಗಿದ್ರು ಅನ್ನೋದಕ್ಕೆ ಎಷ್ಟು ಹುಡುಕಿದ್ರೂ ಆಧಾರ ಸಿಗಲಿಲ್ಲ. ಆ ಪದ ನಾನು ಹಾಕಿದ್ದು. ಆ ಒಂಟಿತನ... ಅವರದ್ದಲ್ಲ ಮೇಡಂ, ನನ್ನದು.”

ಹಿರಿಯಾಕೆ ಕನ್ನಡಕ ತೆಗೆದು ಅವಳನ್ನೇ ನೋಡಿದರು.

“ಇತಿಹಾಸ ಬರೆಯೋರು ಇದನ್ನ ಒಪ್ಪಿಕೊಳ್ಳೋದು ಅಪರೂಪ. ಅಭಿನಂದನೆಗಳು, ಡಾಕ್ಟರ್!”

ಚಪ್ಪಾಳೆ. ಗೈಡ್ ಮೇಡಂ ಬಾಚಿ ತಬ್ಬಿ, ಪರೀಕ್ಷಕರನ್ನು ಊಟಕ್ಕೆ ಕರೆದೊಯ್ದರು. ವಿದ್ಯಾರ್ಥಿಗಳು ಚದುರಿದರು. ಗುಬ್ಬಿ ಫೋನ್ ಕೈಗೆತ್ತಿಕೊಂಡಳು. ಅಣ್ಣನ ಹೆಸರಿನವರೆಗೆ ಹೋದ ಬೆರಳು ಅಲ್ಲೇ ನಿಂತಿತು.

“ಯಾರಿಗೆ ಮಾಡ್ತಿದ್ದೀರಿ?”

ಅವನು! ತಡೆದಿಟ್ಟಿದ್ದ ಸಿಟ್ಟೆಲ್ಲ ಉಕ್ಕಿಬಂತು.

“ಪರೀಕ್ಷಕರಾಗಿ ಕೂರಲ್ಲ ಅಂದೋರು ನೋಡೋಕ್ಯಾಕೆ ಬಂದ್ರಿ? ಅಷ್ಟು ಕಳಪೆಯಾಗಿತ್ತಾ ನನ್ನ ಪ್ರಬಂಧ?”

ಅವನು ತಬ್ಬಿಬ್ಬಾದ.

“ಕಳಪೆ? ಅಯ್ಯೋ... ಪರೀಕ್ಷಕನಾಗೋನು ಅಭ್ಯರ್ಥಿಗೂ ನನಗೂ ಯಾವ ಸಂಬಂಧಾನೂ ಇಲ್ಲ ಅಂತ ಮೊದಲು ಹೇಳ್ಬೇಕು. ಅದೇ ನಿಯಮ. ನಂಗೆ ಹಾಗೆ ಹೇಳೋಕಾಗಲಿಲ್ಲ.”

“ಯಾಕೆ?”

“ನಿಮ್ಮನ್ನ ಪ್ರೀತಿಸ್ತೀನಿ, ಅದಕ್ಕೆ! ವೈವಾಗೆ ಮುಂಚೆ ಬಾಯಿ ಬಿಟ್ಟಿದ್ರೆ, ಡಿಗ್ರಿ ನನ್ನಿಂದ ಬಂತು ಅಂತ ಜನ ಆಡ್ಕೋತಿದ್ರು. ನಿಮ್ಮ ಕಷ್ಟ ನಿಮ್ಮದಾಗೇ ಇರ್ಲಿ ಅಂತ ಸುಮ್ಮನಿದ್ದೆ.”

ಅವಳ ಕಣ್ಣು ತುಂಬಿ ಬಂತು.

“ಯಾರಿಗೆ ಫೋನ್ ಮಾಡ್ಬೇಕು ಅಂತಾನೇ... ಗೊತ್ತಾಗ್ಲಿಲ್ಲ ನಂಗೆ.”

“ನಂಗೆ ಮಾಡಿ.”

“ಇಲ್ಲೇ ನಿಂತಿದ್ದೀರಲ್ಲ!”

“ಆದ್ರೂ ಮಾಡಿ.”

ಅವಳು ಮಾಡಿದಳು. ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಎತ್ತಿ ಕಿವಿಗಿಟ್ಟುಕೊಂಡ.

“ಹಲೋ?”

“ನಾನು...” ಕಣ್ಣೊರೆಸಿಕೊಂಡಳು. “ಮುಗೀತು. ಪಾಸಾದೆ.”

“ಗೊತ್ತಿತ್ತು ನಂಗೆ! ಊಟ ಆಯ್ತಾ?”

ಎಷ್ಟು ಕಾಲವಾಗಿತ್ತು ಯಾರಾದರೂ ಅದನ್ನು ಕೇಳಿ! ಅವಳು ಬಿಕ್ಕಿ ಬಿಕ್ಕಿ ಅತ್ತಳು.

“ಇಲ್ಲ... ಒಬ್ಬಳಿಗೇ ಊಟ ಸೇರಲ್ಲ. ನಿಮ್ಮ ಹತ್ರ ಬರ್ಲಾ?”

ಅವನು ಫೋನನ್ನು ಕಿವಿಯಿಂದ ಇಳಿಸಿದ. ಇಷ್ಟು ದಿನವೂ ‘ಬನ್ನಿ’ ಎನ್ನುತ್ತಿದ್ದವನು, ಕೈ ಚಾಚಿ ಮೊದಲ ಬಾರಿಗೆ ಅಂದ.

“ಬಾ.”