ತೆಗೆಯದ ಹಸಿರು ಬಳೆ

"ಬಳೆ ತೆಗೀರಿ!"

ಆದಿಲಕ್ಷ್ಮಿಗೆ ಕೆನ್ನೆಗೆ ಹೊಡೆದಂತಾಯಿತು. ರಾಬರ್ಟ್‌ಸನ್‌ಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಬೆಳಕಿನ ಎಳೆಯಲ್ಲಿ ಕರೆ ಸಾಗಿಸುವ ಫೈಬರ್ ಯಂತ್ರ ಹೊಸದಾಗಿ ಬಂದಿತ್ತು. ಆ ಕೋಣೆಯಲ್ಲಿ ಅವಳಿಗೆ ಅದು ಮೊದಲ ದಿನ. ಕೆಲಸ ಕಲಿಸಬೇಕಾದ ವಿಶ್ವನಾಥ್ ಅವಳ ಹೆಸರು ಕೂಡ ಕೇಳದೆ ಹಾಗಂದಿದ್ದ!

"ಬಳೆ ತೆಗೀ ಅನ್ನೋಕೆ ನೀವ್ಯಾರು ಸಾರ್?"

"ಇಲ್ಲಿನ ನಿಯಮ. ಆಗಲ್ಲ ಅಂದ್ರೆ ಹೊರಗಿರಿ."

ಅಪ್ಪ ಸತ್ತಾಗ ಅಮ್ಮ ಮುನಿಶಾಮಮ್ಮನ ಬಳೆ ತೆಗೆಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. 'ನಿನ್ ಕೈ ಯಾವತ್ತೂ ಬರಿದಾಗ್ಬಾರ್ದು' ಎಂದು ಈ ಹಸಿರು ಬಳೆ ತೊಡಿಸಿದ್ದು ಅದೇ ಅಮ್ಮ. ಇವನಿಗೇನು ಗೊತ್ತು!

ಹೆಂಗಸು ಅಂತ ಓಡಿಸೋ ಉಪಾಯ ಇದು...

ಅವಳು ಇಷ್ಟು ದಿನ ಊರೂರಿನ ಕರೆ ಜೋಡಿಸುತ್ತಿದ್ದ ಟ್ರಂಕ್ ಬೋರ್ಡು ಮುಚ್ಚುವುದರಲ್ಲಿತ್ತು. ಈ ಕೆಲಸ ಕಲಿಯದಿದ್ದರೆ ದೂರದೂರಿಗೆ ವರ್ಗ. ಕ್ಯಾಸಂಬಳ್ಳಿಯಲ್ಲಿ ಅಮ್ಮ ಒಂಟಿಯಾಗುತ್ತಾಳೆ. ಬಿಟ್ಟು ಹೋಗುವ ಮಾತೇ ಇಲ್ಲ!

ಮರುದಿನ ಬಳೆಗಳನ್ನು ಮೇಲಕ್ಕೇರಿಸಿ, ಅವುಗಳ ಮೇಲೆ ಹಳೇ ಸೀರೆಯ ತುಂಡು ಬಿಗಿಯಾಗಿ ಸುತ್ತಿಕೊಂಡು ಬಂದಳು.

"ಬಳೆನೂ ಇರ್ತದೆ, ನಾನೂ ಇರ್ತೀನಿ. ಕೆಲ್ಸ ಕಲ್ಸಿ!"

ವಿಶ್ವನಾಥ್ ಬಗ್ಗಿ ನೋಡಿದ. ಬಳೆ ಅಲುಗಲಿಲ್ಲ. ಅವನ ತುಟಿಯಂಚಿನಲ್ಲಿ ನಗು ಬಂದು ಹೋಯಿತು.

"ಮೊದಲು ಯಂತ್ರದ ಬೆಳಕು ಆರಿಸ್ಬೇಕು. ಫೈಬರ್ ತುದಿಗೆ ಕಣ್ಣಿಡಲೇಬೇಡಿ. ಆ ಬೆಳಕು ಕಾಣಲ್ಲ, ಆದ್ರೆ ಕಣ್ಣು ಸುಡುತ್ತೆ. ಬಿಚ್ಚಿದ ತುದಿಗೆ ತಕ್ಷಣ ಮುಚ್ಚಳ ಹಾಕಿ."

ಹಟಕ್ಕೆ ಬಿದ್ದು ಎಲ್ಲ ಕಲಿತಳು. ಸಿಟ್ಟು ಮಾತ್ರ ಆರಲಿಲ್ಲ. ಆದರೂ ಅವನು ರಜೆ ಹಾಕಿದ ದಿನ ಕೋಣೆ ಬಿಕೋ ಎನ್ನುತ್ತಿತ್ತು... ಹಾಳು ಮನಸ್ಸು!

ಅದೊಂದು ಮಧ್ಯಾಹ್ನ ಬಂಗಾರಪೇಟೆಯ ಲೈನು ಸತ್ತುಹೋಯಿತು. ಯಂತ್ರದೊಳಗೆ ಕೆಟ್ಟಿದ್ದ ಸರ್ಕ್ಯೂಟ್ ಕಾರ್ಡು ಬದಲಿಸಬೇಕಿತ್ತು. ಬಾಗಿಲಲ್ಲಿ ಎಕ್ಸ್‌ಚೇಂಜಿನ ಸಾಹೇಬರು ಕೂಗಾಡುತ್ತಿದ್ದರು. ವಿಶ್ವನಾಥ್ ಬೆಳಕು ಆರಿಸಿ, ಗಡಿಬಿಡಿಯಲ್ಲಿ ಫೈಬರ್ ಸುರುಳಿಯತ್ತ ಕೈ ಚಾಚಿದ.

"ನಿಲ್ಲಿ ಸಾರ್! ವಾಚ್ ತೆಗೀರಿ!"

ವಾಚಿನ ಚೈನು ಫೈಬರಿಗೆ ಸಿಕ್ಕಿಕೊಳ್ಳುವುದರಲ್ಲಿತ್ತು. ಅವನು ವಾಚ್ ಬಿಚ್ಚಿ ಪಕ್ಕಕ್ಕೆ ಸರಿದ.

"ಕಾರ್ಡು ನೀವೇ ಹಾಕಿ."

"ಈ ಹುಡುಗೀನಾ?" ಸಾಹೇಬರು ಸಿಡುಕಿದರು.

"ಹೌದು ಸಾರ್. ಇವರೇ."

ಅವಳು ಮೈಯ ವಿದ್ಯುತ್ತು ನೆಲಕ್ಕಿಳಿಸುವ ಅರ್ತಿಂಗ್ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡಳು. ಫೈಬರ್ ಬಿಚ್ಚಿ ಮುಚ್ಚಳ ಹಾಕಿದಳು. ಹಳೇ ಕಾರ್ಡು ಎಳೆದು ಹೊಸದನ್ನು ಕೂರಿಸಿದಳು. ಮುಚ್ಚಳ ತೆಗೆದು, ತುದಿ ಒರೆಸಿ ಜೋಡಿಸಿ, ಮತ್ತೆ ಬೆಳಕು ಹಾಯಿಸಿದಳು.

ಹಸಿರು ದೀಪ ಹೊತ್ತಿತು! ಸಾಹೇಬರು ಹೊರಟುಹೋದರು.

"ಅವತ್ತು ಬಳೆ ಬಗ್ಗೆ ಯಾಕೆ ಅಂಗಂದ್ರಿ?" ಅವಳು ಕೇಳಿದಳು.

ಅವನು ಬೆರಳಿನ ಗಾಯದ ಗುರುತು ತೋರಿಸಿದ. "ಫೈಬರ್ ಅಂದ್ರೆ ಕೂದಲಿನಷ್ಟು ಸಣ್ಣ ಗಾಜು. ಬಳೆಗೆ ಸಿಕ್ಕಿ ಮುರಿದ್ರೆ ಚೂರು ಚರ್ಮದೊಳಗೆ ಹೋಗುತ್ತೆ. ನಿಮಗೆ ಹಾಗಾಗಬಾರ್ದು ಅಂತ..."

"ಅಂಗಂತ ಬಾಯ್ಬಿಟ್ಟು ಯೋಳ್ಬಾರ್ದಿತ್ತಾ?"

"ಹೇಳ್ಬೇಕಿತ್ತು, ತಪ್ಪು ನಂದೇ. ಆಮೇಲೆ ನೀವು ಬಳೆ ಸುತ್ಕೊಂಡು ಬಂದ್ರಲ್ಲ... ಅವತ್ತೇ ನನ್ನ ಕಥೆ ಮುಗೀತು!"

ಅವಳ ಕಣ್ಣು ತುಂಬಿತು.

"ಬಳೆ ತೆಗೀ ಅನ್ನೋಕೆ ನೀವ್ಯಾರು ಅಂದ್ರಿ. ತೊಡಿಸೋಕೆ ನಾನು ಯಾರಾಗ್ಬೇಕು, ಆದಿಲಕ್ಷ್ಮಿ?"

"ಅದನ್ನ ಕ್ಯಾಸಂಬಳ್ಳಿಗೆ ಬಂದು ನಮ್ಮಮ್ಮನ್ನ ಕೇಳಿ. ಆದ್ರೆ ಈಗ್ಲೇ ಯೋಳ್ತೀನಿ... ಈ ಕೆಲ್ಸ ಮಾತ್ರ ಬಿಡಲ್ಲ!"

"ಬಿಟ್ರೆ ನನ್ನ ವಾಚ್ ಯಾರು ತೆಗೆಸ್ತಾರೆ?"

ಅವಳು ನಗುತ್ತಾ ವಾಚ್ ಎತ್ತಿಕೊಂಡು ಅವನ ಕೈಗೆ ತಾನೇ ಕಟ್ಟಿದಳು.